ಮಗ್ಗದ ಕುಣಿ ಇದ್ದ ಬಾಡಿಗೆ ಮನೆ

...ಸುಣ್ಣ ಹೊಡೆದಿತ್ತು, ಹಾಲಿನಂಗೆ ಬೆಳ್ಳಗಿತ್ತು, ಅದಕ್ಕೇ ಒಪ್ಕೊಂಡು ಬಂದೆ ಅಂತೀಯಲ್ಲಲೇ ಸೀನಾ, ನಾಲ್ಕು ಗೋಡೆ ಇರೋ ಮನೇಲಿ ಒಂದೇ ಗೋಡೆಗೆ ಯಾಕೆ ಹೊಸ ಸುಣ್ಣ ಹೊಡ್ಸಿದ್ದ ಅಂತ ಕೇಳಿದ್ಯಾ? ಕೇಳಿಲ್ಲ. ಬಾಗಿಲು ಚೆನ್ನಾಗೈತೆ ತಾತ, ಬೀದಿ ಚೆನ್ನಾಗೈತೆ ತಾತ, ಅಷ್ಟೇ. ನೋಡು, ಬಾಡಿಗೆ ಮನೆ ನೋಡಾಕೆ ಹೋದೋನು ಮೊದ್ಲು ತಲೆ ಎತ್ತಿ ನೋಡ್ಬೇಕು, ಆಮೇಲೆ ಬಗ್ಗಿ ನೋಡ್ಬೇಕು, ಗೋಡೆಗೆ ಅಂಗೈ ಇಟ್ಟು ನೋಡ್ಬೇಕು. ಎದುರಿಗೆ ಕಾಣೋದನ್ನ ಕೊನೇಗೆ ನೋಡ್ಬೇಕು, ಯಾಕಂದ್ರೆ ಅದನ್ನ ಮನೆಯೋನೇ ತೋರಿಸ್ತಾನೆ. ನಗ್ಬ್ಯಾಡ. ಕೂತ್ಕೊ, ಆ ಗೋಣಿಚೀಲ ಎಳ್ಕೊಂಡು ಕೂತ್ಕೊ. ಪಾರ್ವತೀ, ನೀನೂ ಬಾರವ್ವ, ಅಲ್ಲಿ ಒಳಗೆ ನಿಂತು ಕೇಳ್ಬ್ಯಾಡ, ಇವನ ಜೊತೆ ಆ ಮನೇಲಿ ಸಂಸಾರ ಮಾಡೋಳು ನೀನೇ, ನಿನಗೂ ಬೇಕಾಗೋ ಮಾತೇ ಇದು. ನಾನು ಮೊಳಕಾಲ್ಮೂರಿನಾಗೆ ಬಾಡಿಗೆ ಮನೆ ಹಿಡಿದ ಕತೆ ನಿಮಗೆ ಹೇಳಿಲ್ಲ ಅಲ್ವಾ? ಹೇಳಿದೀನಾ? ಅರ್ಧ ಹೇಳಿರ್ತೀನಿ, ಬಿಡು.

ಆಗ ನಂಗೆ ಇಪ್ಪತ್ತೈದೋ ಇಪ್ಪತ್ತಾರೋ. ಜರ್ಮನ್ ಯುದ್ಧ ನಡೀತಿತ್ತು. ಯುದ್ಧ ಎಲ್ಲೋ ಸಮುದ್ರದಾಚೆ, ಆದ್ರೆ ಸೀಮೆಎಣ್ಣೆ ಇಲ್ಲದೆ ಬುಡ್ಡಿ ಆರಿದ್ದು ನಮ್ಮ ಮನೆಯಾಗೆ. ಮತ್ತೆ ಹರಳೆಣ್ಣೆ ದೀಪಕ್ಕೆ ಬಂದ್ವಿ. ಹೊಸ ಬಟ್ಟೆ ಅಂದ್ರೆ ಕನಸು. ನಾನು ಓದಿದ್ದು ಎರಡನೇ ಪುಸ್ತಕದ ಅರ್ಧಕ್ಕೆ, ಮೇಷ್ಟ್ರು ಕಿವಿ ಹಿಂಡಿದ್ರು, ನಾನು ಕಿವಿ ಬಿಡಿಸ್ಕೊಂಡೋನು ಚಳ್ಳಕೆರೆ ಸಂತೆಗೆ ಹೋದೆ, ಅಲ್ಲಿಂದ ಒಂದು ಕುರಿ ಮಂದೆ ಹಿಂದೆ ಹೋದೆ, ಹಂಗೇ ಹೋಗ್ತಾನೇ ಇದ್ದೆ. ಕಾಲಾಗೆ ಚಕ್ರ ಐತೆ ಇವನಿಗೆ ಅಂತ ನಮ್ಮವ್ವ ಅನ್ನೋಳು. ಆಮೇಲೆ ಕಂಬಳಿ ವ್ಯಾಪಾರ ಹಿಡಿದೆ. ಚಳ್ಳಕೆರೆ ಸುತ್ತ ಹಟ್ಟಿಗಳಾಗೆ ನೇಯ್ದ ಕಂಬಳಿ ಹೆಗಲ ಮೇಲೆ ಹಾಕ್ಕೊಂಡು ನಾಯಕನಹಟ್ಟಿ, ದೇವಸಮುದ್ರ, ಮೊಳಕಾಲ್ಮೂರು, ಅತ್ತ ರಾಯದುರ್ಗ, ಬಳ್ಳಾರಿ, ಎಲ್ಲಿ ಚಳಿ ಐತೋ ಅಲ್ಲಿ ನಾನು. ಮಲಗೋದು ಚಾವಡೀಲಿ, ಇಲ್ಲಾಂದ್ರೆ ಯಾವುದೋ ಗುಡಿ ಜಗಲೀಲಿ. ಹಾಸೋದೂ ಕಂಬಳಿ, ಹೊದಿಯೋದೂ ಕಂಬಳಿ, ಬೆಳಿಗ್ಗೆ ಎದ್ದು ಅದನ್ನೇ ಕೊಡವಿ ಮಾರೋದು! ಹೂಂ, ನಗ್ರಿ ನಗ್ರಿ. ಹಂಗಿತ್ತು ಆ ಕಾಲ.

ಇಂಥೋನಿಗೆ ಒಂದು ಮದುವೆ ಬೇರೆ. ನಿಮ್ಮಜ್ಜಿ ಗೌರಕ್ಕ ದೇವಸಮುದ್ರದೋಳು. ನಮ್ಮಣ್ಣ ಮನೇಲಿ ಅವಳನ್ನ ಬಿಟ್ಟು ನಾನು ಊರೂರು ತಿರುಗ್ತಿದ್ದೆ. ಆ ಮನೇನೋ, ಅಣ್ಣನ ಮಕ್ಕಳು, ಅತ್ತಿಗೆ ತಾಯಿ, ಎಮ್ಮೆ, ಕರು, ಎಲ್ಲಾ ಒಂದೇ ಸೂರಿನ ಕೆಳಗೆ, ಕಾಲು ಚಾಚಿದ್ರೆ ಇನ್ನೊಬ್ರ ಬೆನ್ನಿಗೆ ತಗಲೋದು. ಗೌರಕ್ಕ ಬಸುರಿಯಾಗಿ ತೌರಿಗೆ ಹೋದ್ಲು, ಗಂಡು ಮಗು ಆಯ್ತು, ಅದೇ ನಿಮ್ಮ ದೊಡ್ಡಪ್ಪ, ಈಗ ಮೀಸೆ ತಿರುವ್ಕೊಂಡು ಓಡಾಡ್ತಾನಲ್ಲ, ಅವನೇ. ಐದನೇ ತಿಂಗಳಿಗೆ ಬಾಣಂತೀನ ಗಂಡನ ಮನೆಗೆ ಕಳಿಸೋದು ವಾಡಿಕೆ. ನಾನು ಒಂದು ಒಳ್ಳೆ ಕಂಬಳಿ ತಗೊಂಡು ಕರ್ಕೊಂಡು ಬರಾಕೆ ಹೋದೆ. ನಮ್ಮ ಮಾವ ಜಗಲಿ ಮೇಲೆ ಕೂತಿದ್ರು. ಕಂಬಳಿ ಕೈಗೆ ತಗೊಂಡು ಉದ್ದ ಅಗಲ ನೋಡಿದ್ರು.

"ಅಳಿಯಂದಿರೇ, ಕಂಬಳಿ ಚೆನ್ನಾಗೈತೆ. ನನ್ನ ಮಗಳು ಇದರೊಳಗೇ ಸಂಸಾರ ಮಾಡ್ತಾಳೇನ್ರಿ?"

"ಹಂಗಂದ್ರೆ ಏನು ಮಾವ?"

"ಹಂಗಂದ್ರೆ ಹಂಗೇ. ನಿಮ್ಮಣ್ಣನ ಕೊಟ್ಟಿಗೆಗೆ ನಾನು ಮಗಳನ್ನ ಕೊಟ್ಟಿಲ್ಲ. ನೀವು ಇವತ್ತು ಇಲ್ಲಿ, ನಾಳೆ ಬಳ್ಳಾರಿ. ಎಲ್ಲಾದ್ರೂ ಒಂದು ಮನೆ ಅಂತ ಮಾಡ್ರಿ. ಬಾಗಿಲು ಇರ್ಬೇಕು, ಅಗಣಿ ಇರ್ಬೇಕು. ನಾನು ಬಂದು ನೋಡ್ತೀನಿ. ಮನಸ್ಸಿಗೆ ಬಂದ್ರೆ ಕಳಿಸ್ತೀನಿ. ಬರ್ಲಿಲ್ಲಾ, ನನ್ನ ಮಗಳು ನನ್ನ ಮನೇಲೇ ಇರ್ತಾಳೆ. ನನಗೇನು ಅವಳು ಭಾರ ಅಲ್ಲ."

ನಿಮ್ಮಜ್ಜಿ ಬಾಗಿಲ ಸಂದೀಲಿ ನಿಂತಿದ್ಲು. ಮಗೂನ ನನ್ನ ಕಡೆ ತಿರುಗಿಸಿ ಹಿಡ್ಕೊಂಡ್ಲು, ನೋಡ್ಕೊಂಡು ಹೋಗು ಅನ್ನೋ ಥರ. ಆ ಹುಡುಗ ನನ್ನ ಮುಖ ನೋಡಿ ಹೋ ಅಂತ ಅತ್ತ. ಗುರುತೇ ಇಲ್ಲ ಅವನಿಗೆ! ದಾರಿಯುದ್ದಕ್ಕೂ ಅದೇ ಅಳು ಕಿವಿಯಾಗೆ.

ಸರಿ, ಮೊಳಕಾಲ್ಮೂರಿನಾಗೇ ಮನೆ ಹಿಡೀಬೇಕು ಅಂತ ಮಾಡ್ದೆ. ಯಾಕೆ ಅಂದ್ರೆ ಚಳ್ಳಕೆರೇಲಿ ಕಂಬಳಿ ಕೊಂಡು, ರಾಯದುರ್ಗದ ಕಡೆ ಮಾರೋನಿಗೆ ಅದು ನಡುದಾರಿ. ಮಾವನ ಊರಿಗೂ ಹತ್ರ. ಮೊದಲನೇ ಮನೆ, ನಿನ್ನ ಮನೆ ಇದ್ದಂಗೇ ಇತ್ತು ಸೀನಾ, ಬೆಳ್ಳಗೆ. ಮನೆಯೋನು ಪೇಟೆ ವ್ಯಾಪಾರಿ, "ಪಕ್ಕಾ ಮಕಾನು ಐತೆ, ನೋಡ್ಕೊ" ಅಂದ. ನಾನು ನೋಡ್ದೆ, ಒಂದು ಗೋಡೆ ಮಾತ್ರ ಹೊಸದಾಗಿ ಮಿಂಚ್ತೈತೆ. ಅಂಗೈ ಇಟ್ಟೆ, ಬ್ಯಾಸಿಗೆ ಬಿಸಿಲಾಗೂ ತಣ್ಣಗೆ. ಉಗುರಲ್ಲಿ ಒಂಚೂರು ಕೆರೆದೆ, ಹಿಂದೆ ಗೆದ್ದಲು ಕಟ್ಟಿದ ಮಣ್ಣಿನ ಗೆರೆ. "ಸಾಹುಕಾರ್ರೇ, ಈ ಮನೇಲಿ ಆಗಲೇ ಬಾಡಿಗೆಗೆ ಇದಾರಲ್ರಿ" ಅಂದೆ. "ಯಾರಲೇ?" ಅಂದ. "ಗೆದ್ದಲು ಸಾಹುಕಾರ್ರೇ, ಅವರನ್ನ ಬಿಡಿಸಿ ಹೇಳಿಕಳ್ಸ್ರಿ" ಅಂದು ಬಂದುಬಿಟ್ಟೆ. ಎರಡನೇ ಮನೆ ಗಟ್ಟಿಮುಟ್ಟು, ತೊಲೆ ಎಲ್ಲಾ ಹಳೇ ಬೇವಿನ ಮರದ್ದು, ಹಿತ್ತಲಾಗೇ ಬಾವಿ. ನಂಗೆ ಆಸೆ ಬಂತು. ಆದ್ರೆ ಒಂದು ಮಾತು ಕೇಳ್ರಿ ಇಲ್ಲಿ, ಬಾವಿ ಇದ್ರೆ ಸಾಲದು. ಆ ನೀರಾಗೆ ಒಂದು ಹಿಡಿ ತೊಗರಿಬೇಳೆ ಬೇಯ್ಸಿ ನೋಡ್ಬೇಕು. ನಾನು ಬೇಯ್ಸಿದೆ, ಅದೇ ಹಿತ್ತಲಾಗೆ ಮೂರು ಕಲ್ಲಿಟ್ಟು. ಪುಳ್ಳೆ ಮುಗೀತು, ಹೊತ್ತು ನೆತ್ತಿಗೆ ಬಂತು, ಬೇಳೆ ಮಾತ್ರ ಕಲ್ಲಿನಂಗೆ ನನ್ನನ್ನೇ ನೋಡ್ತೈತೆ. ಸವಳು ನೀರು. ಬೇಳೆ ಬೇಯದ ನೀರಿನ ಮನೇಲಿ ಹೆಂಗಸಿನ ಆಯಸ್ಸು ಒಲೆ ಮುಂದೆ ಸವೀತೈತೆ, ಬ್ಯಾಡ ಅಂತ ಬಿಟ್ಟೆ. ಇನ್ನೊಂದು ಹೇಳ್ತಾರೆ, ಮಳೆ ಬಂದ ಮಾರನೇ ದಿನ ಮನೆ ನೋಡು ಅಂತ. ನಿಜವಾದ ಮಾತೇ. ಆದ್ರೆ ನಮ್ಮ ಸೀಮೇಲಿ ಮಳೆ ಬಂದ ಮಾರನೇ ದಿನಕ್ಕೆ ಅಂತ ಕಾಯ್ತಾ ಕೂತ್ರೆ ಮೊಮ್ಮಕ್ಕಳ ಮದುವೆ ಆಗೋಗಿರ್ತೈತೆ. ಅದಕ್ಕೇ ಮಾಳಿಗೆ ಜಂತೆ ನೋಡ್ರಿ, ಕಷಾಯ ಚೆಲ್ಲಿದಂಗೆ ಕಂದು ಕಲೆ ಇದ್ರೆ ಅಲ್ಲಿ ಸೋರ್ತೈತೆ ಅಂತ ಲೆಕ್ಕ.

ಮೂರನೇದು ಸಿಕ್ಕಿದ್ದು ನೇಕಾರ್ರ ಬೀದೀಲಿ. ಆ ಬೀದಿಗೆ ಕಾಲಿಟ್ರೆ ಸಾಕು, ಮನೆಮನೇಲೂ ಟಕ್ ಟಕ್ ಅಂತ ಮಗ್ಗದ ಸದ್ದು. ರೇಷ್ಮೆ ಸೀರೆ ನೇಯೋರು. ಮನೆಯಾಕೆ ಲಕ್ಷ್ಮಮ್ಮ ಅಂತ, ವಯಸ್ಸಾದ ವಿಧವೆ, ಹಿಂದಿನ ಅಂಕಣದಾಗೆ ತಾನಿದ್ಕೊಂಡು ಮುಂದಿನದನ್ನ ಬಾಡಿಗೆಗೆ ಕೊಡ್ತೀನಿ ಅಂದ್ಲು. ಅರ್ಧ ಕನ್ನಡ, ಅರ್ಧ ತೆಲುಗು, ಕೋಪ ಬಂದ್ರೆ ಪೂರ್ತಿ ತೆಲುಗು. ಗೋಡೆ ಒಣಗಿತ್ತು, ನೀರು ಸಿಹಿ, ಬೇಳೆ ಬೆಣ್ಣೆಯಂಗೆ ಬೆಂತು. ಎಲ್ಲಾ ಸರಿ. ಆದ್ರೆ ಪಡಸಾಲೆ ನಡುವೆ ಒಂದು ಗುಂಡಿ! ನನ್ನ ಮೊಣಕಾಲಿಂದ ಒಂದು ಗೇಣು ಮೇಲೆ ಬರೋವಷ್ಟು ಆಳ, ಒಬ್ಬ ಮನುಷ್ಯ ಕಾಲು ಇಳಿಬಿಟ್ಟು ಕೂರೋವಷ್ಟು ಅಗಲ, ಅಂಚೆಲ್ಲಾ ಸವೆದು ನುಣ್ಣಗಾಗಿತ್ತು. ಮಗ್ಗದ ಕುಣಿ ಅದು. ನೇಕಾರ ಅಂಚಿನ ಮೇಲೆ ಕೂತು, ಕಾಲು ಕುಣಿಯೊಳಗೆ ಬಿಟ್ಟು, ಕೆಳಗಿರೋ ತುಳಿಗೋಲು ತುಳೀತಾ ನೇಯೋದು. ನಮ್ಮ ಕಡೆ ಕಂಬಳಿ ಮಗ್ಗಕ್ಕೂ ಕುಣಿ ಐತೆ, ಆದ್ರೆ ಅದು ಹೊರಗೆ ಚಪ್ಪರದ ಕೆಳಗೆ. ಮನೆ ನಡುವೆ ನಾನು ಕಂಡಿದ್ದಿಲ್ಲ. ಮಗ್ಗ ಇರ್ಲಿಲ್ಲ, ಬರೀ ಕುಣಿ.

"ಏಮಯ್ಯಾ ಕಂಬಳಿ, ಹಂಗೇನು ನೋಡ್ತೀಯ?" ಅಂದ್ಲು. ಅವತ್ತಿಂದ ನನ್ನ ಹೆಸರೇ ಕಂಬಳಿ.

"ಮಗ್ಗ ಎಲ್ಲಿ ಹೋಯ್ತವ್ವಾ?"

"ಮಾರಿದೀನಿ. ಯಜಮಾನ್ರು ಹೋದ್ರು, ಮಗ ಧರ್ಮಾವರದ ಕಡೆ ನೇಯ್ತೀನಿ ಅಂತ ಹೋದ. ಮಗ್ಗ ಮಾರಿದೀನಿ, ಕುಣಿ ಮಾರಿಲ್ಲ. ಮನೆ ಬಾಡಿಗೆಗೆ ತಗೋ, ಮೊಳೆ ಹೊಡ್ಕೊ, ಒಲೆ ಹಾಕ್ಕೊ, ಕುಣಿ ಮುಚ್ಚಬ್ಯಾಡ. ಅಮಾವಾಸ್ಯೆಗೆ ನಾನು ಬಂದು ಅದಕ್ಕೆ ಅರಿಶಿನ ಕುಂಕುಮ ಇಡ್ತೀನಿ, ಅಡ್ಡ ಮಾತಾಡಬ್ಯಾಡ. ಇದಕ್ಕೆ ಒಪ್ಪಿದ್ರೆ ಬೀಗದ ಕೈ, ಇಲ್ಲಾಂದ್ರೆ ದಾರಿ ಅಲ್ಲೈತೆ."

ನಂಗೇನು, ಒಂದು ಗುಂಡಿ ತಾನೆ, ಸುತ್ತಿ ಹೋದ್ರೆ ಆಯ್ತು ಅಂತ ಒಪ್ಕೊಂಡೆ. ಹೆಂಗಸು ಮಗು ಬರೋ ಮನೆ ಅಂತ ಆಗ ತಲೆಗೆ ಹೊಳೀಲೇ ಇಲ್ಲ. ಗಂಡಸಿನ ಬುದ್ಧಿ ಅಂದ್ರೆ ಅದೇ, ತಾನು ದಾಟಿದ್ರೆ ಎಲ್ಲಾ ದಾಟಿದಂಗೆ.

ಆಮೇಲೆ ಮನೆಗೆ ಸಾಮಾನು. ಗಡಿಗೆ ಕೊಳ್ಳುವಾಗ ಬೆರಳಿನ ಗೆಣ್ಣಿಂದ ತಟ್ಟಿ ನೋಡ್ರಿ, ಗಂಟೆಯಂಗೆ ಠಣ್ ಅಂದ್ರೆ ತಗೊಳ್ರಿ, ದಪ್ ಅಂದ್ರೆ ಬಿರುಕು ಐತೆ. ಹೊಸ ಗಡಿಗೇನ ಒಂದು ದಿನ ನೀರಾಗೆ ಮುಳುಗಿಸಿಟ್ಟು, ರಾಗಿ ಗಂಜಿ ಕಾಯ್ಸಿ ಚೆಲ್ಲಿ ಆಮೇಲೆ ಅಡಿಗೆಗೆ ಇಡ್ಬೇಕು, ಇಲ್ಲಾಂದ್ರೆ ಸಾರೆಲ್ಲಾ ಮಣ್ಣು ವಾಸನೆ. ಬೀಸೋ ಕಲ್ಲು ಚಳ್ಳಕೆರೇಲಿ ಕೊಂಡೆ, ಪರಿಚಯದ ಬಂಡಿಯೋನು ಕಂಬಳಿ ಗಂಟಿನ ಜೊತೆ ಹಾಕ್ಕೊಂಡು ಬಂದ. ಹೊಸ ಕಲ್ಲಾಗೆ ಮೊದಲು ಬೀಸಿದ ಹಿಟ್ಟು ತಿನ್ನಬಾರ್ದು, ಕಲ್ಲಿನ ಪುಡಿ ಬರ್ತೈತೆ, ಕೋಳಿಗೆ ಹಾಕ್ಬೇಕು. ಮನೇಲಿ ಕೋಳಿ ಇರ್ಲಿಲ್ಲ, ಪಕ್ಕದ ಮನೆ ಕೋಳಿಗೆ ಹಾಕಿದೆ, ಅವೂ ಮೂಸಿ ನೋಡಿ ಹೋದ್ವು. ಬೆಕ್ಕಿಗೆ ಸಿಗದಂಗೆ ಮಜ್ಜಿಗೆ ಗಡಿಗೆ ಇಡಾಕೆ ಜಂತೆಗೆ ನೆಲುವು ಕಟ್ಟಿದೆ, ಹಗ್ಗ ನಾನೇ ಹೊಸೆದೆ. ಮಂಚ ಇಲ್ಲ, ಕುರ್ಚಿ ಇಲ್ಲ. ಕಂಬಳಿ ಮಾತ್ರ ಬೇಕಾದಷ್ಟು. ಒಂದು ಹಾಸಿಗೆ, ಒಂದು ಬಾಗಿಲಿಗೆ ಪರದೆ, ಒಂದು ಸುತ್ತಿಟ್ರೆ ದಿಂಬು. ಒಲೆ ಹಾಕಿದ್ದಂತೂ ಕೇಳ್ಬ್ಯಾಡ್ರಿ. ಒಲೆ ಬಾಯಿ ಬಾಗಿಲಿಗೆ ಎದುರಾಗಿ ಇಟ್ಟಿದ್ದೆ, ಗಾಳಿ ನುಗ್ಗಿ ಹೊಗೆಯೆಲ್ಲಾ ಮನೆಯೊಳಗೆ ತಿರುಗಿ, ಕಣ್ಣು ಉಜ್ಕೊಂಡು ಹೊರಗೆ ಬಂದ್ರೆ ಲಕ್ಷ್ಮಮ್ಮ ನಿಂತ್ಕೊಂಡು ನಗ್ತಾಳೆ: "ಏನಯ್ಯಾ ಕಂಬಳಿ, ಅಡಿಗೆ ಮಾಡ್ತಿದೀಯೋ, ಸೊಳ್ಳೆ ಓಡಿಸ್ತಿದೀಯೋ?" ಆಮೇಲೆ ಅವಳೇ ಸೆರಗು ಸಿಕ್ಕಿಸ್ಕೊಂಡು ಒಲೆ ಕಿತ್ತು ಗೋಡೆ ಮಗ್ಗುಲಿಗೆ ಹಾಕಿಕೊಟ್ಲು.

ಮಾಳಿಗೆ ವಿಷಯ ಬ್ಯಾರೆ. ಮಣ್ಣಿನ ಮಾಳಿಗೆ ನೋಡ್ರಿ, ಮುಂಗಾರಿಗೆ ಮುಂಚೆ ವರ್ಷಾ ವರ್ಷಾ ಮೇಲೆ ಮಣ್ಣು ಹಾಕಿ ತುಳಿದು ಗಟ್ಟಿ ಮಾಡ್ಬೇಕು. ಬಾಡಿಗೆಗೆ ಇರೋನು ಮಣ್ಣು ಹಾಕ್ಬೇಕಾ, ಮನೆಯೋರು ಹಾಕ್ಬೇಕಾ, ಇದನ್ನ ಬೀಗದ ಕೈ ಇಸ್ಕೊಳ್ಳೋಕೆ ಮುಂಚೆ ಮಾತಾಡ್ಕೊಳ್ರಿ. ನಾನು ಮಾತಾಡ್ಕೊಂಡಿರ್ಲಿಲ್ಲ. "ಮಳೆ ಯಾರ ತಲೆ ಮೇಲೆ ಬೀಳ್ತೈತೋ ಅವರೇ ಹಾಕ್ಬೇಕು" ಅಂದ್ಲು ಲಕ್ಷ್ಮಮ್ಮ. ಸರಿ ಅಂತ ಬೆಟ್ಟದ ಬುಡದಾಗೆ ಕೆಂಪಗೆ ಒಳ್ಳೆ ಮಣ್ಣಿತ್ತು, ಹತ್ರಾನೂ ಇತ್ತು, ಹೊತ್ತು ಹಾಕಿದೆ. ಯಾರನ್ನೂ ಕೇಳ್ಲಿಲ್ಲ. ಎರಡು ಹದ ಮಳೆ ಬಿತ್ತು. ಗೋಡೆ ಮೇಲೆ ಕುಂಕುಮದ ನೀರು ಇಳಿದಂಗೆ ಇಳೀತು, ವಾರದಾಗೆ ಮಾಳಿಗೆ ಮೇಲೆ ಹಸಿರು ಹುಲ್ಲು! ಬೀದಿ ಬೀದಿಯೇ ನಿಂತು ನೋಡ್ತು. "ಕಂಬಳಿ ಅಣ್ಣಾ, ಮೇಲೆ ರಾಗಿ ಬಿತ್ತಿಯೋ, ಸಜ್ಜೆನೋ?" ಅಂದ ಒಬ್ಬ. "ಲೇ, ಅವನು ಕುರಿಯೋನು ಕಣಲೇ, ಮೇವು ಬೆಳೀತಾನೆ" ಅಂದ ಇನ್ನೊಬ್ಬ. ಮಾಳಿಗೆಗೆ ಚೌಳು ಮಣ್ಣೇ ಆಗ್ಬೇಕು. ಬಯಲಾಗೆ ಬೆಳ್ಳಗೆ ಉಪ್ಪು ಪೊರೆ ಕಟ್ಟಿರ್ತೈತಲ್ಲ, ಒಂದು ಗರಿಕೆ ಹುಟ್ಟಲ್ಲ, ಆ ಮಣ್ಣು. ಹೊಲಕ್ಕೆ ಕೆಟ್ಟ ಮಣ್ಣೇ ಮಾಳಿಗೆಗೆ ಒಳ್ಳೇದು. ಮತ್ತೆ ಎಲ್ಲಾ ಕೆರೆದು, ಬಂಡೀಲಿ ಚೌಳು ತರಿಸಿ, ಆಡಿಕೊಂಡ ಹುಡುಗರನ್ನೇ ಕರ್ದು ತುಳಿಸಿದೆ. ಆಮೇಲೆ ಒಂದು ಹನಿ ಸೋರ್ಲಿಲ್ಲ.

ಆಗ ಮಾವನಿಗೆ ಹೇಳಿಕಳ್ಸಿದೆ, ಬಂದು ನೋಡ್ರಿ ಅಂತ. ಮಗೂಗೆ ಆಗಲೇ ಒಂಬತ್ತು ತಿಂಗಳು ನಡೀತಿತ್ತು.

ಬಂದ್ರು. ಕೋಲು ಹಿಡ್ಕೊಂಡು ಬಂದ್ರು. ಗೋಡೆಗೆ ಕೋಲಿಂದ ಕುಟ್ಟಿದ್ರು, ಮಾಳಿಗೆ ನೋಡಿದ್ರು, ಬಾವಿ ನೀರು ಕುಡಿದು ಬಾಯಿ ಚಪ್ಪರಿಸಿದ್ರು, ಅಗಣಿ ಹಾಕಿ ತೆಗೆದು ಹಾಕಿ ತೆಗೆದು ನೋಡಿದ್ರು. ಮುಖ ಸ್ವಲ್ಪ ಸಡಿಲಾಯ್ತು. "ಪರವಾಗಿಲ್ಲ ಅಳಿಯಂದಿರೇ" ಅಂದ್ರು. ಹಂಗಂತ ಎರಡು ಹೆಜ್ಜೆ ಹಿಂದೆ ಸರಿದ್ರು, ಒಂದು ಕಾಲು ಕುಣಿಗೆ ಜಾರ್ತು! ನಾನು ರಟ್ಟೆ ಹಿಡ್ಕೊಂಡೆ, ಇಲ್ಲಾಂದ್ರೆ ಸೊಂಟ ಹೋಗ್ತಿತ್ತು.

"ಇದೇನ್ರೀ ಇದು? ಯಾರ ಗೋರಿ?"

"ಮಗ್ಗದ ಕುಣಿ ಮಾವ."

"ಮನೆ ನಡುವೆ? ಮಗು ಅಂಬೆಗಾಲಿಡ್ತಾ ಐತೆ, ನಿಮಗೆ ಗೊತ್ತೇನ್ರಿ? ಎಲ್ಲಿ ಗೊತ್ತಿರ್ತೈತೆ, ನೀವು ನೋಡಿದ್ದು ಯಾವಾಗ! ನಾಳೆ ಇದರಾಗೆ ಬಿದ್ದು ತಲೆ ಒಡ್ಕೊಂಡ್ರೆ ನಾನು ಯಾರನ್ನ ಕೇಳ್ಲಿ? ಮುಚ್ಚಿಸ್ರಿ. ಮುಚ್ಚಿದ ಮೇಲೆ ಹೇಳಿಕಳ್ಸ್ರಿ. ಅಲ್ಲೀವರೆಗೂ ಮಗಳೂ ಇಲ್ಲ, ಮೊಮ್ಮಗನೂ ಇಲ್ಲ."

ಹೊರಟೇಬಿಟ್ರು, ಒಂದು ಲೋಟ ಮಜ್ಜಿಗೇನೂ ಕುಡೀಲಿಲ್ಲ. ನಾನು ಹಿಂದಿನ ಅಂಕಣಕ್ಕೆ ಹೋಗಿ ಲಕ್ಷ್ಮಮ್ಮನ ಮುಂದೆ ನಿಂತೆ. ಅವಳು ರಾಟೆ ಮುಂದೆ ಕೂತು ನೂಲು ಸುತ್ತುತಿದ್ಲು. ಎಲ್ಲಾ ಕೇಳಿಸ್ಕೊಂಡೇ ಇದ್ಲು, ಗೋಡೆಗೆ ಕಿವಿ ಇರ್ತೈತೆ ಅಂತಾರಲ್ಲ, ಬಾಡಿಗೆ ಮನೇಲಿ ಗೋಡೆಗೆ ಬಾಯೂ ಇರ್ತೈತೆ.

"ಅವ್ವಾ, ಕುಣಿ ಮುಚ್ಚಾಕೆ ಒಪ್ಪಿಗೆ ಕೊಡು. ನಿನ್ನ ಮಗ ಬಂದ ದಿನ ನಾನೇ ಅಗೆದು ಕೊಡ್ತೀನಿ."

"ಲೇದು. ಆಗಲ್ಲ."

"ಹಲಗೆ ಆದ್ರೂ ಮುಚ್ತೀನಿ."

ರಾಟೆ ನಿಲ್ಸಿದ್ಲು. "ಕಂಬಳಿ, ನಮ್ಮ ಮನೇಲಿ ಕುಣಿ ಮೇಲೆ ಹಲಗೆ ಹಾಕಿದ್ದು ಒಂದೇ ಸಲ, ಯಜಮಾನ್ರನ್ನ ಎತ್ತಿದ ದಿನ. ಇನ್ನೊಂದು ಸಲ ಯಾಕೆ ಹಾಕ್ಲಿ, ನನ್ನ ಮಗ ಬದುಕಿದಾನೆ ಕಣಯ್ಯಾ. ಬದುಕಿರೋನ ಜಾಗಕ್ಕೆ ಹಲಗೆ ಹೊದಿಸು ಅಂತೀಯಾ?"

ನಂಗೆ ಮಗನ ಮೇಲೆ ಆಸೆ, ಅವಳಿಗೂ ಮಗನ ಮೇಲೇ ಆಸೆ. ಯಾರದ್ದು ದೊಡ್ಡದು ಅಂತ ತೂಗಾಕೆ ತಕ್ಕಡಿ ಎಲ್ಲೈತೆ? ಬಂದು ಪಡಸಾಲೇಲಿ ಕೂತೆ. ಗಡಿಗೆ ಐತೆ, ಒಲೆ ಐತೆ, ನೆಲುವು ಐತೆ, ಎಲ್ಲಾ ಜೋಡಿಸಿಟ್ಟ ಹೊಸ ಮನೆ, ಒಳಗೆ ನಾನೊಬ್ನೇ, ಗುಡಿ ಜಗಲೀಲಿ ಮಲಗಿದಾಗಲೂ ಅಷ್ಟು ಒಂಟಿ ಅನ್ಸಿರ್ಲಿಲ್ಲ. ಕಾಲು ತುರಿಸಾಕೆ ಶುರುವಾಯ್ತು. ಬೀಗದ ಕೈ ಲಕ್ಷ್ಮಮ್ಮನ ಕೈಗೆ ಹಾಕಿ, ಗಂಟು ಹೊತ್ಕೊಂಡು ರಾಯದುರ್ಗದ ದಾರಿ ಹಿಡಿಯೋದು, ಅಲ್ಲಿಂದ ಎಲ್ಲಾದ್ರೂ. ನಿಮಗೆ ಗೊತ್ತಿಲ್ಲ, ತಿರುಗೋ ಮನುಷ್ಯನಿಗೆ ಕಷ್ಟ ಬಂದಾಗ ದಾರಿ ಎಷ್ಟು ಚೆನ್ನಾಗಿ ಕಾಣ್ತೈತೆ ಅಂತ. ಗಂಟು ಕಟ್ಟಿದೆ ಕೂಡ. ಬೆಳಿಗ್ಗೆ ಹೋದ್ರೆ ಆಯ್ತು ಅಂದ್ಕೊಂಡೆ, ಬೆಳಿಗ್ಗೆ ಎದ್ದು ಬಿಸಿಲು ಇಳಿದ ಮೇಲೆ ಹೋದ್ರೆ ಆಯ್ತು ಅಂದ್ಕೊಂಡೆ. ಹಿಂಗೇ ಎರಡು ಮೂರು ದಿನ, ಹೋಗಾಕೂ ಆಗ್ಲಿಲ್ಲ, ಇರಾಕೂ ಆಗ್ಲಿಲ್ಲ.

ಒಂದಿನ ಹೊತ್ತು ಮಾರುದ್ದ ಏರಿತ್ತು, ಬೀದೀಲಿ ಎತ್ತಿನ ಗಂಟೆ ಸದ್ದು. ಹೊರಗೆ ಬಂದು ನೋಡ್ತೀನಿ, ಮಾವನ ಬಂಡಿ! ಮುಂದೆ ಮಾವ, ಹಿಂದೆ ಗೌರಕ್ಕ, ಮಡಿಲಾಗೆ ಮಗು. ಮಾವನ ಮುಖ ಗಂಟು ಗಂಟು.

"ನಾನು ಕರ್ಕೊಂಡು ಬಂದಿಲ್ಲ" ಅಂದ್ರು. "ಇವಳೇ ಹಟ ಮಾಡಿ ಬಂದಿದಾಳೆ. ಮನೆ ನೋಡಿದ್ದು ನೀನು, ಇರ್ಬೇಕಾದೋಳು ನಾನು, ನಾನೂ ಒಂದು ಸಲ ನೋಡ್ತೀನಿ ಅಂತಾಳೆ. ನೋಡ್ಕೊಂಡು ವಾಪಸ್ ಹೋಗೋದು. ಅದಕ್ಕೇ ಎತ್ತಿನ ಕೊರಳು ಬಿಚ್ಚಿಲ್ಲ."

ಗೌರಕ್ಕ ಇಳಿದ್ಲು. ನನ್ನ ಕಡೆ ಒಂದು ಸಲ ನೋಡಿದ್ಲು, ಅಷ್ಟೇ, ಸೀದಾ ಒಳಗೆ ಹೋದ್ಲು. ಲಕ್ಷ್ಮಮ್ಮ ಬಂದು "ರಾ ತಾಯೀ ರಾ" ಅಂತ ಚಾಪೆ ಹಾಕಿದ್ಲು, ಮೊದಲ ಸಲ ಬಂದೋಳು ಹಾಲು ಕುಡೀದೆ ಹೋಗಬಾರ್ದು ಅಂತ ಒಲೆ ಹಚ್ಚಿ ಹಾಲಿಟ್ಲು. ನಿಮ್ಮಜ್ಜಿ ಗಡಿಗೆ ತಟ್ಟಿ ನೋಡಿದ್ಲು. ನೆಲುವು ಜಗ್ಗಿ ನೋಡಿದ್ಲು. ಬೀಸೋ ಕಲ್ಲನ್ನ ಒಂದು ಸುತ್ತು ತಿರುಗಿಸಿದ್ಲು. ನಾನು ಬಾಗಿಲಾಗೆ ನಿಂತು ನೋಡ್ತಿದೀನಿ, ಮೇಷ್ಟ್ರ ಮುಂದೆ ಮಗ್ಗಿ ಒಪ್ಪಿಸುವಾಗಲೂ ಹಂಗೆ ನಿಂತಿರ್ಲಿಲ್ಲ. ನೀರು ಸೇದಾಕೆ ಅಂತ ಮಗೂನ ಕೆಳಗೆ ಬಿಟ್ಲು. ಬಿಟ್ಟಿದ್ದೇ ತಡ, ನಿಮ್ಮ ದೊಡ್ಡಪ್ಪ ಕುಣಿ ಕಡೆ ತಿರುಗೂ ನೋಡ್ಲಿಲ್ಲ ಕಣ್ರಿ, ಸರಸರ ಅಂತ ಒಲೆ ಕಡೆಗೇ ಹೊಂಟ! ಕೆಂಪಗೆ ಬೆಂಕಿ ಕಂಡ್ತಲ್ಲ. ಮಾವ "ಏಯ್ ಏಯ್" ಅಂದ್ರು, ಲಕ್ಷ್ಮಮ್ಮ "ಅಯ್ಯೋ ನಾ ತಂಡ್ರಿ, ನನ್ನಪ್ಪಾ" ಅಂದ್ಲು, ನಾನು ಬಾಗಿಲಿಂದ ಹಾರಿದೆ, ಹಾರಿ ಹಾಲು ತಂದಿದ್ದ ತಂಬಿಗೆ ಎಡವಿದೆ. ಅಷ್ಟರಾಗೆ ಗೌರಕ್ಕ ಹಿಂದಿಂದ ಬಂದು ಮಗೂನ ಒಂದು ಕೈಯಾಗೆ ಎತ್ಕೊಂಡ್ಲು. ಇನ್ನೊಂದು ಗೇಣು, ಕೈ ಕೆಂಡದಾಗೆ.

ಎತ್ಕೊಂಡು ನಿಂತ್ಲು. ಎಲ್ಲಾದ್ರೂ ಬಿಡೋಣ ಅಂದ್ರೆ ಈ ಕಡೆ ಒಲೆ, ಆ ಕಡೆ ಬೀಸೋ ಕಲ್ಲು, ಬಾಗಿಲಾಚೆ ಬಾವಿ. ಮಗು ಒದ್ದಾಡ್ತಾ ಐತೆ. ಸುತ್ತ ನೋಡಿದ್ಲು. ಕುಣಿ ನೋಡಿದ್ಲು. ನನ್ನ ಹತ್ರ ಬಂದು, ಹೆಗಲ ಮೇಲಿದ್ದ ಕಂಬಳಿ ಸರಕ್ಕಂತ ಎಳ್ಕೊಂಡ್ಲು, ನಾಲ್ಕು ಮಡಿಕೆ ಮಾಡಿ ಕುಣಿಯೊಳಗೆ ಹಾಸಿದ್ಲು. ಮಗೂನ ಅದರೊಳಗೆ ಇಳಿಸಿದ್ಲು.

ಮಗು ಕೂತ್ಕೊಂಡು ಮೇಲೆ ನೋಡ್ತು. ಗೋಡೆ ಹಿಡ್ಕೊಂಡು ತಡವರಿಸ್ತು. ಆಮೇಲೆ ಆ ನುಣ್ಣನೆ ಅಂಚಿಗೆ ಎರಡೂ ಕೈ ಕೊಟ್ಟು ನಿಂತೇಬಿಡ್ತು! ಗದ್ದ ಸರಿಯಾಗಿ ಅಂಚಿನ ಮಟ್ಟಕ್ಕೆ. ಹಟ್ಟಿ ಬೇಲಿ ಮೇಲಿಂದ ಕುರಿಮರಿ ಇಣುಕ್ತೈತಲ್ಲ, ಹಂಗೆ ಇಣುಕಿ, ನಮ್ಮ ನಾಲ್ಕೂ ಜನರ ಮುಖ ಒಂದೊಂದಾಗಿ ನೋಡಿ, ಕುಣಿಯೊಳಗೆ ಕುಪ್ಪಳಿಸಾಕೆ ಹತ್ತಿತು. ಬೀಳಲ್ಲ, ಹತ್ತಿ ಬರಲ್ಲ, ಒಲೆ ಹತ್ರ ಹೋಗಲ್ಲ.

"ಅಪ್ಪಾ" ಅಂದ್ಲು ಗೌರಕ್ಕ.

"ಏನವ್ವಾ?"

"ನಿನ್ನ ಮನೇಲಿ ಈ ಹುಡುಗನ್ನ ಹಿಡ್ಕೊಳ್ಳಾಕೆ ಒಬ್ರು, ರೊಟ್ಟಿ ತಟ್ಟಾಕೆ ಒಬ್ರು ಬೇಕು. ಮೊನ್ನೆ ನಿನ್ನ ಮನೆ ಒಲೆಗೂ ಹಿಂಗೇ ನುಗ್ಗಿದ್ದ, ನೀನೇ ನೋಡಿದೀಯ. ಇಲ್ಲಿ ಒಬ್ಳೇ ಎರಡೂ ಮಾಡ್ಬೋದು. ಹೋಗು, ಎತ್ತು ಬಿಚ್ಚು."

ಮಾವ ಕೋಲು ಊರ್ಕೊಂಡು ನಿಂತೇ ಇದ್ರು. ಕುಣಿ ಹತ್ರ ಬಂದ್ರು, ಬಗ್ಗಿ ಮೊಮ್ಮಗನ ಮುಖ ನೋಡಿದ್ರು. ಅದು ಅವರ ಮೀಸೆಗೇ ಕೈ ಹಾಕ್ತು. "ಕಳ್ಳ ನನ್ನ ಮಗನೇ" ಅಂದು ಮೀಸೆ ಬಿಡಿಸ್ಕೊಂಡು ಹೊರಗೆ ಹೋದ್ರು. ಕೊರಳಿನ ಹಗ್ಗ ಬಿಚ್ಚಿ ನೊಗ ಇಳಿಸಿದ ಸದ್ದು ಕೇಳಿಸ್ತು ನಂಗೆ. ಇವತ್ತಿಗೂ ಎಲ್ಲಾದ್ರೂ ಆ ಸದ್ದು ಕೇಳಿದ್ರೆ ನಿಂತ್ಕೊಂತೀನಿ.

ಲಕ್ಷ್ಮಮ್ಮ ಕುಣಿ ಅಂಚಿಗೆ ಕೂತುಬಿಟ್ಟಿದ್ಲು. ಒಲೆ ಮೇಲಿನ ಹಾಲು ಉಕ್ಕಿ ಸೀದು ವಾಸನೆ ಬರ್ತೈತೆ, ಅವಳಿಗೆ ಪರಿವೇ ಇಲ್ಲ. ಮಗೂನ ಕಾಲನ್ನೇ ನೋಡ್ತಾ ಕೂತಿದಾಳೆ. ನಂಗೆ ಭಯ ಆಯ್ತು, ಪೂಜೆ ಮಾಡೋ ಜಾಗ, ಎಲ್ಲಿ ಬೈತಾಳೋ ಅಂತ. "ಅವ್ವಾ, ತಪ್ಪಾಯ್ತೇನು? ಎತ್ತಿಸ್ಲಾ?" ಅಂದೆ.

"ಊಕೋಯ್ಯಾ ಕಂಬಳಿ, ಸುಮ್ಕಿರು" ಅಂದ್ಲು. "ಕುಣಿ ಅಂದ್ಮೇಲೆ ಅದರಾಗೆ ಕಾಲಾಡಬೇಕು. ಯಾರದ್ದಾದ್ರೆ ಏನು." ಆಮೇಲೆ ಸೆರಗಿಂದ ಕಣ್ಣು ಒರೆಸ್ಕೊಂಡು, "ಕಂಬಳಿ ಚುಚ್ತೈತೆ ಮಗೂಗೆ, ತಾಳು" ಅಂತ ಒಳಗೆ ಹೋಗಿ ತನ್ನ ಹಳೇ ಸೀರೆ ತಂದು ಮೇಲೆ ಹಾಸಿದ್ಲು.

ಆ ಮನೇಲಿ ನಾವು ವರ್ಷಗಟ್ಲೆ ಇದ್ವಿ. ನಿಮ್ಮ ದೊಡ್ಡಪ್ಪ ಆದ್ಮೇಲೆ ನಿಮ್ಮಪ್ಪ, ನಿಮ್ಮತ್ತೆ, ಎಲ್ರೂ ಎದ್ದು ನಿಂತಿದ್ದು ಆ ಕುಣಿ ಅಂಚು ಹಿಡ್ಕೊಂಡೇ. ಲಕ್ಷ್ಮಮ್ಮ ಅಮಾವಾಸ್ಯೆಗೆ ಬಂದು ಮೊದ್ಲು ಮಗೂನ ಎತ್ಕೊಳ್ಳೋಳು, ಆಮೇಲೆ ಕುಂಕುಮ ಇಡೋಳು, ಆಮೇಲೆ ಮಗೂನ ವಾಪಸ್ ಇಳಿಸೋಳು. ಅವಳ ಮಗ ಒಂದೆರಡು ಸಲ ಬಂದು ಹೋದ, ಧರ್ಮಾವರದಾಗೇ ನೆಲೆ ನಿಂತ. ಅದು ಬಿಡಿ, ಅದೊಂದು ಬ್ಯಾರೆ ಕತೆ. ನಾನೂ ತಿರುಗೋದು ಬಿಡ್ಲಿಲ್ಲ, ಸುಳ್ಳು ಯಾಕೆ ಹೇಳ್ಲಿ, ಆದ್ರೆ ವಾಪಸ್ ಬರೋ ದಾರಿ ಒಂದೇ ಆಯ್ತು. ಬೆಟ್ಟದ ತಿರುವು ದಾಟಿದ್ರೆ ನಮ್ಮ ಒಲೆ ಹೊಗೆ ಯಾವುದು ಅಂತ ಗುರುತು ಹಿಡೀತಿದ್ದೆ. ಒಂದು ಮಾಳಿಗೆ, ಒಂದು ಗಡಿಗೆ ಸಾಲು, ಕುಣಿಯೊಳಗಿಂದ ಇಣುಕೋ ಒಂದು ತಲೆ. ಅಷ್ಟರಾಗೆ ಎಷ್ಟು ಸುಖ ಇತ್ತು ಅಂತೀನಿ. ಈಗ ಕರೆಂಟು ಐತೆ, ಹೆಂಚು ಐತೆ, ಏನೇನೋ ಐತೆ. ನಂಗೇನೋ ಆ ಹರಳೆಣ್ಣೆ ಬೆಳಕಾಗೆ ಕಂಡಷ್ಟು ಈ ಬೆಳಕಾಗೆ ಕಾಣಲ್ಲಪ್ಪ.

ಅದಕ್ಕೇ ಹೇಳ್ತೀನಿ ಸೀನಾ, ತಲೆ ಎತ್ತಿ ನೋಡು, ಬಗ್ಗಿ ನೋಡು, ಬೇಳೆ ಬೇಯ್ಸಿ ನೋಡು, ಎಲ್ಲಾ ಮಾಡು. ಆದ್ರೆ ಮನೆ ನೋಡಾಕೆ ಒಬ್ನೇ ಹೋಗ್ಬ್ಯಾಡ. ದಿನಾ ಆ ಒಲೆ ಮುಂದೆ ಕೂರೋರು ಯಾರೋ ಅವರನ್ನ ಕರ್ಕೊಂಡು ಹೋಗು, ನೀನು ಬಾಗಿಲಾಗೆ ಬಾಯಿ ಮುಚ್ಕೊಂಡು ನಿಂತ್ಕೊ. ಅವರು ಎತ್ತು ಬಿಚ್ಚು ಅಂದ್ರೆ ಅದು ಮನೆ. ಹೂಂ, ಏಳ್ರಿ, ಒಳಗೆ ಮುದ್ದೆ ಆರ್ತೈತೆ.